ಜೋಶ್ ಆಲನ್ ಅವರಿಗೆ ಎಂವಿಪಿ ತಂದುಕೊಟ್ಟದ್ದು ಆ ಪ್ಲೇಆಫ್ ಪಂದ್ಯವೇ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2024ರ ಋತುವಿನಲ್ಲಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಅವರ ಅಂಕಿಗಳು ಬಫಲೊದ ಜೋಶ್ ಆಲನ್ ಅವರ ಅಂಕಿಗಳಿಗಿಂತ ಎದ್ದು ಕಾಣುವಷ್ಟು ಮೇಲಿದ್ದವು. ಆದರೂ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಆಲನ್ ಅವರ ಪಾಲಾಯಿತು. ಲೀಗ್ ಹಂತದ ನಂತರದ ನಾಕೌಟ್ ಪಂದ್ಯಗಳಾದ ಪ್ಲೇಆಫ್‌ನಲ್ಲಿ ಬಫಲೊ ತಂಡ ಬಾಲ್ಟಿಮೋರ್ ತಂಡವನ್ನು ಸೋಲಿಸಿದ್ದೇ ಇದಕ್ಕೆ ಕಾರಣವಲ್ಲವೇ?

ಉತ್ತರ: ಅಲ್ಲ. ವರ್ಷ ಬದಲಾಗುತ್ತದೆ, ಕ್ವಾರ್ಟರ್‌ಬ್ಯಾಕ್‌ಗಳ (ತಂಡದ ದಾಳಿ ನಡೆಸಿ ಚೆಂಡು ಎಸೆಯುವವರ) ಹೆಸರುಗಳೂ ಬದಲಾಗುತ್ತವೆ, ಆದರೆ ಈ ಪ್ರಶ್ನೆಯ ಕೊನೆಯ ವಾಕ್ಯ ಮಾತ್ರ ಅಕ್ಷರವೂ ಬದಲಾಗದೆ ಪ್ರತಿ ಫೆಬ್ರುವರಿಯಲ್ಲಿ ನನ್ನ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ಈ ಬಾರಿ ದಿನಾಂಕಗಳನ್ನೇ ಸಾಲಾಗಿ ಇಟ್ಟು ಹೇಳುತ್ತೇನೆ. ದಯವಿಟ್ಟು ನಿಧಾನವಾಗಿ ಓದಿಕೊಳ್ಳಿ.

ಆ ಋತುವಿನ ಲೀಗ್ ಹಂತ ಮುಗಿದದ್ದು 2025ರ ಜನವರಿ 5ರಂದು, ಪ್ಲೇಆಫ್ ಆರಂಭವಾದದ್ದು ಜನವರಿ 11ರಂದು. ಪ್ರಶಸ್ತಿಗೆ ಮತ ಹಾಕುವವರು ಎನ್‌ಎಫ್‌ಎಲ್ ಅಧಿಕಾರಿಗಳಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಆಯ್ಕೆ ಮಾಡಿದ ಐವತ್ತು ಮಂದಿ ಮಾಧ್ಯಮದವರು. ಅವರೆಲ್ಲರ ಮತಪತ್ರಗಳು ಈ ಎರಡು ದಿನಾಂಕಗಳ ನಡುವೆ, ಅಂದರೆ ಪ್ಲೇಆಫ್‌ನ ಮೊದಲ ಚೆಂಡು ಹಾರುವ ಮುನ್ನವೇ ಸಲ್ಲಿಕೆಯಾಗಿರಬೇಕು. ನೀವು ಹೇಳುತ್ತಿರುವ ಬಫಲೊ–ಬಾಲ್ಟಿಮೋರ್ ಪಂದ್ಯ ನಡೆದದ್ದು ಜನವರಿ 19ರ ಭಾನುವಾರ ಸಂಜೆ. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಐದು ಗಂಟೆ. ಬಾಲ್ಟಿಮೋರ್‌ನ ಮಾರ್ಕ್ ಆಂಡ್ರ್ಯೂಸ್ ಕೊನೆಯ ಎರಡು ನಿಮಿಷಗಳೊಳಗೆ ಸ್ಕೋರು ಸಮವಾಗಿಸಬಹುದಾಗಿದ್ದ ಎರಡಂಕದ ಪ್ರಯತ್ನದ ಚೆಂಡನ್ನು ಕೈಬಿಟ್ಟಾಗ, ಮಂಪರುಗಣ್ಣಿನಲ್ಲಿ ಕಾಫಿ ಕೈಯಲ್ಲಿ ಹಿಡಿದು ಕೂತಿದ್ದವರೆಲ್ಲ ಆಲನ್ ಅವರಿಗೆ ಎಂವಿಪಿ ಖಚಿತವಾಯಿತೆಂದು ಅಂದುಕೊಂಡಿದ್ದರೆ ಅದು ಸಹಜವೇ. ಪಂದ್ಯವೇನೋ 27–25ರಲ್ಲಿ ಬಫಲೊ ಪಾಲಾಯಿತು. ಆದರೆ ಮತಗಳು ಅಷ್ಟರಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲದಿಂದ ಪೆಟ್ಟಿಗೆಯೊಳಗಿದ್ದವು. ಆಂಡ್ರ್ಯೂಸ್ ಆ ಚೆಂಡನ್ನು ಹಿಡಿದು, ಬಾಲ್ಟಿಮೋರ್ ಮುಂದೆ ಪಂದ್ಯ ಗೆದ್ದಿದ್ದರೂ ಪ್ರಶಸ್ತಿ ಆಲನ್ ಅವರಿಗೇ ಹೋಗುತ್ತಿತ್ತು.

ಗೊಂದಲಕ್ಕೆ ಮೂಲ ಪ್ರಶಸ್ತಿ ಪ್ರಕಟವಾಗುವ ದಿನ. ಸೂಪರ್ ಬೌಲ್ ಎಂಬ ಫೈನಲ್‌ನ ವಾರದ ಸಂಭ್ರಮಕ್ಕೆಂದು ಫಲಿತಾಂಶವನ್ನು ತಿಂಗಳ ಕಾಲ ಬೀಗ ಹಾಕಿಟ್ಟು, ಫೆಬ್ರುವರಿ 6ರಂದು ನ್ಯೂ ಆರ್ಲಿಯನ್ಸ್‌ನ ವೇದಿಕೆಯಲ್ಲಿ ಘೋಷಿಸಿದರು. ಫಲಿತಾಂಶ ಪ್ಲೇಆಫ್ ಆದ ಮೇಲೆ ಬಂದಿತು, ಆದ್ದರಿಂದ ಪ್ಲೇಆಫ್ ನೋಡಿಯೇ ಕೊಟ್ಟಿದ್ದಾರೆ ಎನ್ನುವ ತರ್ಕ, ಏಪ್ರಿಲ್‌ನಲ್ಲಿ ಬಂದ ಫಲಿತಾಂಶವನ್ನು ನೋಡಿ ಪರೀಕ್ಷೆಯೂ ಏಪ್ರಿಲ್‌ನಲ್ಲೇ ನಡೆಯಿತೆಂದು ಹೇಳಿದ ಹಾಗಾಯಿತು.

ಎರಡನೆಯ ಮೂಲ ಕ್ರಿಕೆಟ್, ಮತ್ತು ಇಲ್ಲಿ ನಮ್ಮ ಓದುಗರನ್ನು ಪೂರ್ತಿಯಾಗಿ ದೂರಲಾರೆ. 2023ರ ವಿಶ್ವಕಪ್‌ನಲ್ಲಿ ವಿರಾಟ್ ಕೊಹ್ಲಿ 765 ರನ್ ಗಳಿಸಿ ಟೂರ್ನಿಯ ಶ್ರೇಷ್ಠ ಆಟಗಾರರಾದಾಗ ಆ ಮೊತ್ತದಲ್ಲಿ ನಾವು ಸೋತ ಫೈನಲ್‌ನ ಅರ್ಧಶತಕವೂ ಸೇರಿತ್ತು. ಟೂರ್ನಿಯ ಪ್ರಶಸ್ತಿ ಎಂದರೆ ಮೊದಲ ಪಂದ್ಯದಿಂದ ಫೈನಲ್‌ವರೆಗಿನ ಲೆಕ್ಕ ಎಂಬುದು ನಮ್ಮ ಅಭ್ಯಾಸ. ಎನ್‌ಎಫ್‌ಎಲ್‌ನ ಎಂವಿಪಿ ಲೀಗ್ ಹಂತದ ಹದಿನೇಳು ಪಂದ್ಯಗಳಿಗೆ ಮಾತ್ರ ಸಲ್ಲುವ ಗೌರವ. ಫೈನಲ್‌ನ ಆಟಕ್ಕೆ ಸೂಪರ್ ಬೌಲ್ ಎಂವಿಪಿ ಎಂಬ ಬೇರೆಯೇ ಪ್ರಶಸ್ತಿಯಿದೆ. ಆ ವರ್ಷ ಅದು ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ ಅವರಿಗೆ ಸಂದಿತು.

ಇನ್ನೂ ಅನುಮಾನ ಉಳಿದವರಿಗೆ ಇತಿಹಾಸದ ಒಂದು ಪುಟ. 1999ರಲ್ಲಿ ಕರ್ಟ್ ವಾರ್ನರ್ ಎಂವಿಪಿಯಾಗಿ ಸೂಪರ್ ಬೌಲ್ ಕೂಡ ಗೆದ್ದ ಮೇಲೆ, ಅದೇ ಜೋಡಿ ಸಾಧನೆ ಮತ್ತೆ ಕಂಡದ್ದು 2022ರಲ್ಲಿ, ಪ್ಯಾಟ್ರಿಕ್ ಮಹೋಮ್ಸ್ ಅವರಿಂದ. ನಡುವಿನ ವರ್ಷಗಳಲ್ಲಿ ಒಂಬತ್ತು ಬಾರಿ ಆ ವರ್ಷದ ಎಂವಿಪಿ ಫೈನಲ್‌ವರೆಗೆ ಬಂದು ಸೋತರು. 2007ರಲ್ಲಿ ಟಾಮ್ ಬ್ರೇಡಿ, 2013ರಲ್ಲಿ ಪೇಟನ್ ಮ್ಯಾನಿಂಗ್, 2015ರಲ್ಲಿ ಕ್ಯಾಮ್ ನ್ಯೂಟನ್ ಆ ಪಟ್ಟಿಯಲ್ಲಿದ್ದಾರೆ. ಪ್ಲೇಆಫ್ ನೋಡಿ ಕೊಡುವ ಪ್ರಶಸ್ತಿಯಾಗಿದ್ದರೆ ಇಷ್ಟು ವರ್ಷ ಸೋತವರ ಕೈಯಲ್ಲೇ ಉಳಿಯುತ್ತಿತ್ತೇ? ಆಲನ್ ಅವರೂ ಬಾಲ್ಟಿಮೋರ್ ವಿರುದ್ಧ ಗೆದ್ದ ಮುಂದಿನ ವಾರವೇ ಕ್ಯಾನ್ಸಸ್ ಸಿಟಿಗೆ 32–29ರಲ್ಲಿ ಸೋತು ಮನೆಗೆ ಹೋದರು.

ಇನ್ನು ಪರಸ್ಪರ ಮುಖಾಮುಖಿಯೇ ಅಳತೆಗೋಲಾಗಬೇಕಿದ್ದರೆ ನಿಮ್ಮ ವಾದ ನಿಮಗೇ ತಿರುಗಿ ಹೊಡೆಯುತ್ತದೆ. ಮತದ ಲೆಕ್ಕಕ್ಕೆ ಬರುವ ಅವಧಿಯಲ್ಲಿ ಇಬ್ಬರೂ ಎದುರಾದದ್ದು ಒಂದೇ ಬಾರಿ, 2024ರ ಸೆಪ್ಟೆಂಬರ್ 29ರಂದು. ಡೆರಿಕ್ ಹೆನ್ರಿ 87 ಗಜ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಅಂಚಿನ ಗೆರೆ ದಾಟಿಸಿ ಪಡೆಯುವ ಆರು ಅಂಕ) ಗಳಿಸುವುದರೊಂದಿಗೆ ಬಾಲ್ಟಿಮೋರ್‌ನ ದಾಳಿ ಆರಂಭವಾದ ಆ ಪಂದ್ಯದಲ್ಲಿ ಬಫಲೊ 35–10ರಿಂದ ಮಣ್ಣು ಮುಕ್ಕಿತು. ಮುಖಾಮುಖಿಗೆ ಬೆಲೆ ಕೊಡುವುದಾದರೆ ಪ್ರಶಸ್ತಿ ಜಾಕ್ಸನ್ ಅವರಿಗೆ ಸೇರಬೇಕಿತ್ತು.

ಹಾಗಾದರೆ ಆಲನ್ ಗೆದ್ದದ್ದು ಹೇಗೆ? ಪ್ರಶ್ನೆಯ ಮೊದಲ ಅರ್ಧ ಸರಿಯಾಗಿಯೇ ಇದೆ. ಜಾಕ್ಸನ್ 4,172 ಗಜ ಎಸೆದು 41 ಟಚ್‌ಡೌನ್ ಕೊಡಿಸಿದರು, ಎದುರಾಳಿಗಳ ಕೈಗೆ ಸಿಕ್ಕಿದ ಎಸೆತಗಳು ನಾಲ್ಕೇ ನಾಲ್ಕು, ಅದರ ಮೇಲೆ 915 ಗಜ ಓಡಿದರು. ಒಂದೇ ಋತುವಿನಲ್ಲಿ ನಾಲ್ಕು ಸಾವಿರ ಗಜ ಎಸೆದು ಒಂಬೈನೂರು ಗಜ ಓಡಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆಲನ್ ಅವರದು 3,731 ಗಜ, 28 ಟಚ್‌ಡೌನ್ ಎಸೆತ, ಓಡಿ ಗಳಿಸಿದ್ದು ಇನ್ನು 12. ಆದರೆ ಪ್ರಶಸ್ತಿಯ ಹೆಸರಿನಲ್ಲಿರುವ ಪದ ‘ಅತ್ಯುತ್ತಮ’ ಅಲ್ಲ, ‘ಅತ್ಯಂತ ಮೌಲ್ಯಯುತ’. ಮೌಲ್ಯವೆಂದರೇನು ಎಂಬುದಕ್ಕೆ ಮತದಾರರ ಮುಂದೆ ಲಿಖಿತ ವ್ಯಾಖ್ಯೆ ಇಲ್ಲ. ಜಾಕ್ಸನ್ ಅವರ ಬೆನ್ನಿಗೆ ಆ ಋತುವಿನಲ್ಲಿ 1,921 ಗಜ ಓಡಿದ ಹೆನ್ರಿ ಇದ್ದರು. ಆಲನ್ ಅವರ ಎಸೆತಗಳನ್ನು ಹಿಡಿಯುತ್ತಿದ್ದ ಮುಖ್ಯ ರಿಸೀವರ್ ಸ್ಟೆಫಾನ್ ಡಿಗ್ಸ್ ಅವರನ್ನು ಋತುವಿಗೆ ಮುಂಚೆಯೇ ಹ್ಯೂಸ್ಟನ್‌ಗೆ ಬಿಟ್ಟುಕೊಡಲಾಗಿತ್ತು. ಆದರೂ ತಂಡ 13 ಪಂದ್ಯ ಗೆದ್ದಿತು, ಬಾಲ್ಟಿಮೋರ್‌ಗಿಂತ ಒಂದು ಹೆಚ್ಚು. ಅಲ್ಲಿಯವರೆಗೆ ಸೋಲೇ ಕಾಣದಿದ್ದ ಕ್ಯಾನ್ಸಸ್ ಸಿಟಿಯ ವಿರುದ್ಧ ನಾಲ್ಕನೆಯ ಡೌನ್‌ನಲ್ಲಿ, ಅಂದರೆ ದಾಳಿಯ ಕೊನೆಯ ಅವಕಾಶದಲ್ಲಿ, 26 ಗಜ ಓಡಿ ಗಳಿಸಿದ ಟಚ್‌ಡೌನ್, ಲಾಸ್ ಏಂಜಲಿಸ್ ರ‍್ಯಾಮ್ಸ್ ವಿರುದ್ಧ ಎಸೆದು ಮೂರು, ಓಡಿ ಮೂರು ಟಚ್‌ಡೌನ್ ಗಳಿಸಿಯೂ ಸೋತ ಪಂದ್ಯ, ಇವೆಲ್ಲ ಮತದಾರರ ನೆನಪಿನಲ್ಲಿ ಉಳಿಯುವಂಥವು. ನನ್ನ ಮತ ಜಾಕ್ಸನ್ ಅವರಿಗೆ ಹೋಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ಆಲನ್ ಅವರ ಆಯ್ಕೆಯನ್ನು ಅನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ.

ಮತ ಎಣಿಕೆಯನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನಗೊಂದು ಮೇಷ್ಟರ ಖುಷಿಯಿದೆ. ಪ್ರತಿಯೊಬ್ಬರೂ ಐದು ಹೆಸರುಗಳನ್ನು ಕ್ರಮವಾಗಿ ಬರೆಯಬೇಕು. ಅವಕ್ಕೆ 10, 5, 3, 2, 1 ಅಂಕ. ಆಲನ್ ಅವರಿಗೆ ಮೊದಲ ಸ್ಥಾನದ 27 ಮತ, ಒಟ್ಟು 383 ಅಂಕ. ಜಾಕ್ಸನ್ ಅವರಿಗೆ ಮೊದಲ ಸ್ಥಾನದ 23 ಮತ, ಒಟ್ಟು 362. ಇಷ್ಟರಿಂದಲೇ ಉಳಿದುದನ್ನು ಕಾಗದದ ಮೇಲೆ ಬಿಡಿಸಬಹುದು: ಜಾಕ್ಸನ್ ಅವರಿಗೆ ಉಳಿದ 27 ಮತಪತ್ರಗಳಿಂದ ಬಂದದ್ದು 132 ಅಂಕ, ಎಲ್ಲರೂ ಎರಡನೆಯ ಸ್ಥಾನ ಕೊಟ್ಟಿದ್ದರೆ 135 ಆಗಬೇಕಿತ್ತು, ಮೂರು ಅಂಕದ ಈ ಕೊರತೆ ಒಬ್ಬರು ಅವರನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿದ್ದರೆ ಮಾತ್ರ ಸಾಧ್ಯ. ಆ ಮಹನೀಯರ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ, ಆದರೆ ಆ ಮೂರು ಅಂಕ ಸಿಕ್ಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಇದೇ ಐವತ್ತು ಮಂದಿ ಋತುವಿನ ಶ್ರೇಷ್ಠ ತಂಡವಾದ ಆಲ್-ಪ್ರೊಗೂ ಮತ ಹಾಕುತ್ತಾರೆ, ಮತ್ತು ಅಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಜಾಕ್ಸನ್ ಅವರಿಗೆ 30, ಆಲನ್ ಅವರಿಗೆ 18 ಮತ ಬಂದವು. ಅಂದರೆ ಕನಿಷ್ಠ ಏಳು ಮಂದಿ ಜಾಕ್ಸನ್ ಅವರೇ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಎಂದು ಒಪ್ಪಿ, ಎಂವಿಪಿಯನ್ನು ಆಲನ್ ಅವರಿಗೆ ಕೊಟ್ಟರು. ‘ಅತ್ಯುತ್ತಮ’ಕ್ಕೂ ‘ಮೌಲ್ಯಯುತ’ಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆಯೂ ಇಲ್ಲಿದೆ: ಚರ್ಚೆ ಯಾವಾಗಲೂ ಕ್ವಾರ್ಟರ್‌ಬ್ಯಾಕ್‌ಗಳ ನಡುವೆಯೇ ಏಕೆ? ಅದೇ ಋತುವಿನಲ್ಲಿ ಫಿಲಡೆಲ್ಫಿಯಾದ ಸಾಕ್ವಾನ್ ಬಾರ್ಕ್ಲಿ 2,005 ಗಜ ಓಡಿದರೂ ಎಂವಿಪಿ ಮತದಲ್ಲಿ ಬಹಳ ಹಿಂದೆ, ಮೂರನೆಯವರಾಗಿ ಉಳಿದರು. ಕ್ವಾರ್ಟರ್‌ಬ್ಯಾಕ್ ಅಲ್ಲದವರೊಬ್ಬರು ಈ ಪ್ರಶಸ್ತಿ ಪಡೆದದ್ದು ಕೊನೆಯದಾಗಿ 2012ರಲ್ಲಿ, 2,097 ಗಜ ಓಡಿದ ಏಡ್ರಿಯನ್ ಪೀಟರ್ಸನ್. ಅದಾದ ಮೇಲೆ ಆಟದ ನಿಯಮಗಳೂ ತಂತ್ರಗಳೂ ಎಸೆತದ ಕಡೆಗೇ ವಾಲಿವೆ, ಪ್ರತಿ ಆಟದಲ್ಲೂ ಚೆಂಡು ಮುಟ್ಟುವವನ ಮೇಲೆಯೇ ಕಣ್ಣು ನೆಡುವುದು ಸಹಜವಾಗಿದೆ. ಮೊದಲು ಹೀಗಿರಲಿಲ್ಲ. 1971ರಲ್ಲಿ ಆಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್ ರಕ್ಷಣೆಯ ಸಾಲಿನಿಂದ ಬಂದು ಎಂವಿಪಿಯಾದರು. ಮುಷ್ಕರದಿಂದಾಗಿ ಒಂಬತ್ತೇ ಪಂದ್ಯಕ್ಕೆ ಇಳಿದ 1982ರ ಋತುವಿನಲ್ಲಂತೂ 21 ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವ) ಪ್ರಯತ್ನಗಳಲ್ಲಿ 20 ಸಫಲಗೊಳಿಸಿದ ವಾಷಿಂಗ್ಟನ್‌ನ ಕಿಕ್ಕರ್ ಮಾರ್ಕ್ ಮೋಸ್ಲಿ ಅವರಿಗೆ ಪ್ರಶಸ್ತಿ ಸಂದಿತು. ಆ ಋತುವಿನಲ್ಲಿ ವಾಷಿಂಗ್ಟನ್ ಸೂಪರ್ ಬೌಲ್ ಗೆದ್ದದ್ದೂ ನಿಜ, ಆದರೆ ಅದನ್ನು ನೋಡಿಯೇ ಮೋಸ್ಲಿ ಅವರಿಗೆ ಪ್ರಶಸ್ತಿ ಕೊಟ್ಟರೇ ಎಂದು ದಯವಿಟ್ಟು ಕೇಳಬೇಡಿ.