ಓನರ್ ಅದೇ ಮನೆಯಲ್ಲಿ ಇರ್ತಾರಾ?

ಜೂನ್ ಎರಡನೇ ವಾರ ಒಬ್ಬ ನರ್ಸ್ ನನ್ನ ಆಫೀಸಿಗೆ ಬಂದರು. ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದರು. ಒದ್ದೆ ಛತ್ರಿಯನ್ನು ಬಾಗಿಲ ಹೊರಗೆ ಇಟ್ಟು, ಪ್ಲಾಸ್ಟಿಕ್ ಕವರಿನಿಂದ ಬಾಡಿಗೆ ಕರಾರು ಪತ್ರ ತೆಗೆದರು. ಮೂರು ವರ್ಷದ ಹಿಂದೆ ನಾನೇ ಬರೆದುಕೊಟ್ಟ ಪತ್ರ. ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯಲ್ಲಿ ಮೊದಲ ಮಹಡಿ, ಎರಡು ರೂಮು, ತಿಂಗಳಿಗೆ ಹತ್ತು ಸಾವಿರ, ಅವಧಿ 11 ತಿಂಗಳು.

"ಸಾರ್, ಓನರ್ ಅಂಕಲ್ ಮನೆ ಖಾಲಿ ಮಾಡಿ ಅಂತಿದ್ದಾರೆ. ಮಗಳನ್ನ ಈಗಷ್ಟೇ ಸ್ಕೂಲಿಗೆ ಸೇರಿಸಿದ್ದೀವಿ, ಫೀಸೂ ಕಟ್ಟಿದ್ದೀವಿ. ಹದಿನೈದು ದಿನದಲ್ಲಿ ಎಲ್ಲಿಗೆ ಹೋಗೋದು?"

ಓನರನ್ನೂ ನಾನು ಬಲ್ಲೆ. ರಿಟೈರ್ ಆದ ಮೇಲೆ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾರೆ. ದುರಾಸೆಯ ಮನುಷ್ಯ ಅಲ್ಲವೇ ಅಲ್ಲ. ಯಾರೋ ಒಬ್ಬ ಹುಡುಗ ಫೋನ್ ಮಾಡಿ, ಇಡೀ ಮನೆಯನ್ನು ತಿಂಗಳಿಗೆ 18 ಸಾವಿರಕ್ಕೆ ತೆಗೆದುಕೊಳ್ಳುತ್ತೇನೆ, ಸುಣ್ಣಬಣ್ಣ ನಾನೇ ಮಾಡಿಸುತ್ತೇನೆ ಎಂದಿದ್ದಾನೆ. ಅವನು ಅಲ್ಲಿ ವಾಸ ಮಾಡುವುದಿಲ್ಲ. ಬೀಗದ ಕೈ ಇಟ್ಟುಕೊಂಡು, ಆ್ಯಪಿನಲ್ಲಿ ಹಾಕಿ, ಮುಳ್ಳಯ್ಯನಗಿರಿ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾನೆ.

ನಾನು ಈ ಊರಿನಲ್ಲಿ ವಕೀಲಿ ಶುರು ಮಾಡಿ 22 ವರ್ಷ ಆಯಿತು. ಬಾಡಿಗೆ ಕರಾರು, ಖಾಲಿ ಮಾಡಿಸುವ ನೋಟಿಸು, ಅಡ್ವಾನ್ಸ್ ವಾಪಸ್ ಕೊಡದ ಜಗಳ ನನ್ನ ಟೇಬಲಿಗೆ ದಿನವೂ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ "ಹೋಂಸ್ಟೇ ಮಾಡ್ತಾರಂತೆ ಸಾರ್" ಎನ್ನುವ ಮಾತು ಜಾಸ್ತಿ ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೋಂಸ್ಟೇಗಳ ವಿರೋಧಿ ಅಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಾಗ ನಮ್ಮ ಜಿಲ್ಲೆಯ ಎಷ್ಟೋ ಬೆಳೆಗಾರರ ಕೈ ಹಿಡಿದದ್ದು ತೋಟದ ಮನೆಯ ಖಾಲಿ ಕೋಣೆಗಳು. ತೋಟದ ಒಳಗಿನ ಆ ಕೋಣೆಯನ್ನು ಪ್ರವಾಸಿಗೆ ಕೊಟ್ಟರೆ ಪೇಟೆಯಲ್ಲಿ ಯಾರಿಗೂ ಮನೆ ತಪ್ಪುವುದಿಲ್ಲ.

ಪೇಟೆಯ ಒಳಗೂ ಹಾಗೆ ಮಾಡುವವರು ಇದ್ದಾರೆ. ಕೋಟೆ ಕಡೆ ಒಬ್ಬರು ಅಮ್ಮ ಇದ್ದಾರೆ, ಕಾಗದಪತ್ರ ಮಾಡಿಸಲು ಬಂದಿದ್ದರು. ಯಜಮಾನರು ತೀರಿಕೊಂಡಿದ್ದಾರೆ, ಮಗ ವಿದೇಶದಲ್ಲಿದ್ದಾನೆ. ಮಗನ ಕೋಣೆಯನ್ನು ಶನಿವಾರ, ಭಾನುವಾರ ಕೊಡುತ್ತಾರೆ. ನಾನು ಹೋಗಿ ನೋಡಿದ್ದೇನೆ. ಆ ಕೋಣೆಗೆ ಹೋಗಬೇಕಾದರೆ ಅವರ ಹಾಲ್ ದಾಟಿ, ದೇವರ ಮನೆಯ ಪಕ್ಕದಿಂದಲೇ ಹೋಗಬೇಕು. ಬೇರೆ ಬಾಗಿಲಿಲ್ಲ, ಬೇರೆ ಅಡುಗೆಮನೆ ಇಲ್ಲ. ಬಂದವರಿಗೆ ಬೆಳಗ್ಗೆ ಅಕ್ಕಿರೊಟ್ಟಿ, ಕಾಫಿ ಅವರೇ ಕೊಡುತ್ತಾರೆ. ಆ ಕೋಣೆಯನ್ನು ಅವರು ಯಾವತ್ತೂ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಡುತ್ತಿರಲಿಲ್ಲ, ಕೊಡಲು ಬರುತ್ತಲೂ ಇರಲಿಲ್ಲ. ಹಾಗಾಗಿ ಊರಿನ ಬಾಡಿಗೆ ಮನೆಗಳ ಲೆಕ್ಕದಿಂದ ಒಂದೂ ಕಳೆಯಲಿಲ್ಲ. ಅಮ್ಮನಿಗೆ ಔಷಧಿ ಖರ್ಚು ಬಂತು, ಮನೆಯಲ್ಲಿ ಮಾತಿಗೆ ಜನ ಬಂದರು.

ವಿಜಯಪುರದ ಮನೆಯದು ಹಾಗಲ್ಲ. ಅದಕ್ಕೆ ಬೇರೆ ಮೆಟ್ಟಿಲು, ಬೇರೆ ಅಡುಗೆಮನೆ, ಬೇರೆ ಮೀಟರ್ ಇದೆ. ಅದು ಒಂದು ಸಂಸಾರ ಬದುಕುವ ಮನೆ. ಅದನ್ನು ದಿನದ ಬಾಡಿಗೆಗೆ ತಿರುಗಿಸಿದ ದಿನ ಊರಿನಲ್ಲಿ ಒಂದು ಬಾಡಿಗೆ ಮನೆ ಕಡಿಮೆ ಆಯಿತು. ಖಾಲಿ ಮಾಡಿದ ಸಂಸಾರ ಇನ್ನೊಂದು ಮನೆ ಹುಡುಕಲೇಬೇಕು ಅಲ್ವಾ? ಮೆಡಿಕಲ್ ಕಾಲೇಜು ಬಂದ ಮೇಲೆ ಮನೆ ಹುಡುಕುವವರು ಹೇಗೂ ಹೆಚ್ಚಿದ್ದಾರೆ. ಹತ್ತು ಸಾವಿರದ ಮನೆಗೆ ನಾಲ್ಕು ಜನ ಬಂದು ನಿಂತರೆ ಐದನೆಯವರು ಹನ್ನೆರಡು ಎನ್ನುತ್ತಾರೆ. ಪಕ್ಕದ ಬೀದಿಯ ಓನರಿಗೂ ಅದು ಗೊತ್ತಾಗುತ್ತದೆ. ಹೋಂಸ್ಟೇ ಮಾಡುವ ಯೋಚನೆಯೇ ಇಲ್ಲದವರ ಮನೆ ಬಾಡಿಗೆಯೂ ಏರುವುದು ಹೀಗೆ.

ಎರಡನ್ನೂ ನಾವು ಹೋಂಸ್ಟೇ ಅಂತಲೇ ಕರೆಯುತ್ತೇವೆ. ಅದಕ್ಕೇ ಯಾರಾದರೂ ಈ ವಿಷಯಕ್ಕೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಓನರ್ ಅದೇ ಮನೆಯಲ್ಲಿ ಇರ್ತಾರಾ?" ಮನೆಯವರು ಅಲ್ಲೇ ವಾಸ ಇರಬೇಕು ಎನ್ನುವುದು ನಮ್ಮ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನಿಯಮದಲ್ಲೂ ಇದೆ. ಬೀಗದ ಕೈಯನ್ನು ಹೂಕುಂಡದ ಕೆಳಗೆ ಇಟ್ಟು ಫೋನಿನಲ್ಲಿ ದಾರಿ ಹೇಳುವ ಮನೆ ಆ ನಿಯಮದ ಹೋಂಸ್ಟೇ ಅಲ್ಲ.

ಬೇರೆ ಊರುಗಳು ಇದನ್ನು ನಮಗಿಂತ ಮೊದಲೇ ಅನುಭವಿಸಿವೆ. ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಿಸುವ ಆ್ಯಪ್ ಏರ್‌ಬಿಎನ್‌ಬಿ ಹುಟ್ಟಿದ್ದೇ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಹುಡುಗರು 2007ರಲ್ಲಿ ತಾವು ಇದ್ದ ಮನೆಯ ಹಾಲಿನಲ್ಲೇ ಗಾಳಿ ತುಂಬಿದ ಹಾಸಿಗೆ ಹಾಕಿ ಬಾಡಿಗೆಗೆ ಕೊಟ್ಟಿದ್ದರಿಂದ. ಆಮೇಲೆ ಇಡೀ ಮನೆಗಳೇ ಬಂದವು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ನಿಯಮ ಬಿಗಿ ಮಾಡಿತು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನೋಂದಣಿ ಮಾಡಿಸಬೇಕು, ಅದೇ ಮನೆಯಲ್ಲಿ ಇರಬೇಕು, ಇಬ್ಬರಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವಂತಿಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ಪ್ರವಾಸಿಗರ 10,101 ಅಪಾರ್ಟ್‌ಮೆಂಟುಗಳ ಲೈಸೆನ್ಸನ್ನು 2028ರ ನವೆಂಬರ್ ಹೊತ್ತಿಗೆ ಮುಗಿಸುವುದಾಗಿ 2024ರಲ್ಲಿ ಘೋಷಿಸಿತು.

ಅಮೆರಿಕದಲ್ಲಿ ಮೂವರು ಸಂಶೋಧಕರು ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು. ಒಂದು ಪ್ರದೇಶದಲ್ಲಿ ಇಂಥ ಮನೆಗಳ ಸಂಖ್ಯೆ ಶೇ. 1 ಹೆಚ್ಚಿದರೆ ಬಾಡಿಗೆ ಶೇ. 0.018 ಏರುತ್ತದೆ. ನೋಡಲು ತೀರಾ ಸಣ್ಣದು. ಆದರೆ ಇಂಥ ಮನೆಗಳು ವರ್ಷಕ್ಕೆ ಶೇ. 1 ಅಲ್ಲ, ಅದರ ಎಷ್ಟೋ ಪಟ್ಟು ಹೆಚ್ಚುತ್ತಿದ್ದವು. ನನಗೆ ಮುಖ್ಯ ಅನಿಸಿದ್ದು ಅವರ ಇನ್ನೊಂದು ಮಾತು. ಓನರುಗಳೇ ಜಾಸ್ತಿ ವಾಸ ಇರುವ ಬಡಾವಣೆಗಳಲ್ಲಿ ಈ ಏರಿಕೆ ಕಡಿಮೆ. ಕೋಟೆಯ ಅಮ್ಮನ ಮನೆಗೂ ವಿಜಯಪುರದ ಮನೆಗೂ ಇರುವ ವ್ಯತ್ಯಾಸವೇ ಅದು.

ಓನರುಗಳ ಕಡೆಯಿಂದಲೂ ನೋಡಬೇಕು. "ಫ್ಯಾಮಿಲಿಗೆ ಕೊಟ್ರೆ ಖಾಲಿ ಮಾಡಲ್ಲ ಸಾರ್, ಟೂರಿಸ್ಟು ಸೋಮವಾರ ಹೋಗ್ತಾರೆ" ಎನ್ನುತ್ತಾರೆ. ಈ ಭಯ ಹಳೆಯ ಬಾಡಿಗೆ ಕಾಯ್ದೆಯ ಕಾಲದ್ದು. ಕರ್ನಾಟಕ ಬಾಡಿಗೆ ಕಾಯ್ದೆ, 1999, ಬಾಡಿಗೆ ಕೆಲವು ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ನಮ್ಮ ಊರಿನಲ್ಲಿ ಅಷ್ಟಕ್ಕೆ ಎಲ್ಲಿ ಮನೆ ಸಿಗುತ್ತದೆ? ಆ ಮಿತಿ ದಾಟಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ದಾರಿ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ 15 ದಿನದ ನೋಟಿಸು ಸಾಕು. ಆದರೂ ಬಾಡಿಗೆದಾರ ಒಪ್ಪದಿದ್ದರೆ ಕೋರ್ಟಿನ ಡಿಕ್ರಿ ಬೇಕು, ಸುಮ್ನೆ ಸಾಮಾನು ಹೊರಗೆ ಹಾಕುವಂತಿಲ್ಲ. ಕೋರ್ಟಿನಲ್ಲಿ ಕಾಲ ಹಿಡಿಯುತ್ತದೆ ಎನ್ನುವುದು ನಿಜ.

ಹಣದ ಲೆಕ್ಕವನ್ನೂ ಪೂರ್ತಿ ಹಾಕಬೇಕು. ದಿನಕ್ಕೆ ನಾಲ್ಕು ಸಾವಿರ, ತಿಂಗಳಲ್ಲಿ ಎಂಟು ರಾತ್ರಿ, ಒಟ್ಟು 32 ಸಾವಿರ ಎಂದು ಬಾಯಲ್ಲಿ ಹೇಳುವುದು ಸುಲಭ. ಆ್ಯಪಿನ ಕಮಿಷನ್, ಬೆಡ್‌ಶೀಟ್ ಒಗೆತ, ಕಸ ಗುಡಿಸುವವರ ಸಂಬಳ, ಒಡೆದ ಗೀಸರ್ ಕಳೆಯಿರಿ. ಮಳೆ ಜೋರಾಗಿ ಗಿರಿಗೆ ಹೋಗುವುದನ್ನು ನಿಲ್ಲಿಸಿದರೆ ಬುಕಿಂಗ್ ರದ್ದು. ದತ್ತ ಜಯಂತಿಯ ದಿನಗಳಲ್ಲೂ ಪ್ರವಾಸಿಗರಿಗೆ ನಿರ್ಬಂಧ. ವಿದೇಶಿಯರು ಬಂದು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಇದೆಲ್ಲ ಕೇಳಿದ ಮೇಲೆ ಕೆಲವರು "ಹಾಗಾದ್ರೆ ಫ್ಯಾಮಿಲೀನೇ ಇರ್ಲಿ ಬಿಡಿ" ಎಂದಿದ್ದಾರೆ.

ಇಡೀ ಮನೆಯನ್ನು ಮೂರನೆಯವರ ಕೈಗೆ ಕೊಟ್ಟರೆ ತೊಂದರೆ ಇನ್ನೂ ದೊಡ್ಡದು. ಅಲ್ಲಿ ಏನಾದರೂ ಗಲಾಟೆ ಆದರೆ ಪೊಲೀಸರು ಮೊದಲು ಹುಡುಕುವುದು ಖಾತೆಯಲ್ಲಿ ಹೆಸರಿರುವವರನ್ನು. ನಾನು ಬರೆಯುವ ಕರಾರಿನಲ್ಲಿ "ವಾಸಕ್ಕೆ ಮಾತ್ರ, ಒಳಬಾಡಿಗೆ ಕೊಡುವಂತಿಲ್ಲ" ಎಂಬ ಸಾಲು ಹಿಂದಿನಿಂದಲೂ ಇದೆ. ಈಗ ಅದರ ಜೊತೆಗೆ "ದಿನದ ಲೆಕ್ಕದಲ್ಲಿ ಯಾರನ್ನೂ ತಂಗಿಸುವಂತಿಲ್ಲ" ಎಂದೂ ಸೇರಿಸುತ್ತೇನೆ.

ಬಾಡಿಗೆದಾರರಿಗೆ ನಾನು ಹೇಳುವುದು ಇಷ್ಟು. ಸಹಿ ಹಾಕುವ ಮೊದಲೇ ನೋಟಿಸಿನ ಅವಧಿ ಮೂರು ತಿಂಗಳು ಎಂದು ಬರೆಸಿಕೊಳ್ಳಿ. ಮಕ್ಕಳಿದ್ದರೆ "ಜೂನ್‌ನಿಂದ ಮಾರ್ಚ್ ಮುಗಿಯುವವರೆಗೆ ಖಾಲಿ ಮಾಡಿಸುವಂತಿಲ್ಲ" ಎಂಬ ಸಾಲು ಕೇಳಿ. ಎಷ್ಟೋ ಓನರುಗಳು ಒಪ್ಪುತ್ತಾರೆ, ಅವರೂ ಮಕ್ಕಳನ್ನು ಓದಿಸಿದವರೇ. ಮತ್ತೆ, 11 ತಿಂಗಳು ಮುಗಿದ ಮೇಲೆ ಹೊಸ ಪತ್ರ ಮಾಡಿಸದೆ ಹಾಗೇ ಮುಂದುವರಿಯಬೇಡಿ. ಹಾಗೆ ಮುಂದುವರಿದರೆ ನಿಮ್ಮದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಈ ನರ್ಸಿಗೆ ಆದದ್ದೂ ಅದೇ, ಮೂರು ವರ್ಷದಲ್ಲಿ ಒಂದು ಸಲವೂ ಪತ್ರ ಹೊಸದು ಮಾಡಿಸಿರಲಿಲ್ಲ.

ಅವರ ಎದುರಿಗೇ ಓನರಿಗೆ ಫೋನ್ ಮಾಡಿದೆ. ಗಲಾಟೆ, ಪೊಲೀಸು, ಖಾತೆಯ ವಿಷಯ ಹೇಳಿದೆ. ಮಗುವಿನ ಸ್ಕೂಲಿನ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಯ್ತು ವಕೀಲ್ರೇ, ಏಪ್ರಿಲ್‌ವರೆಗೆ ಇರ್ಲಿ. ಆಮೇಲೆ ನೋಡೋಣ" ಎಂದರು. ಬಾಡಿಗೆ ಒಂದು ಸಾವಿರ ಹೆಚ್ಚಾಯಿತು. ಅವತ್ತೇ ಹೊಸ ಪತ್ರ ಟೈಪ್ ಮಾಡಿಸಿ, ಸ್ಕೂಲಿನ ಸಾಲನ್ನೂ ಸೇರಿಸಿದೆ.

ಏಪ್ರಿಲ್ ಆದ ಮೇಲೆ ಏನು ಎನ್ನುವುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಮೊನ್ನೆ ಸಿಕ್ಕಾಗ ಆ ನರ್ಸ್, ಹಿರೇಮಗಳೂರು ಕಡೆ ಮನೆ ನೋಡುತ್ತಿದ್ದೇವೆ ಎಂದರು. ಈಗಿನ ಮನೆಯಿಂದ ಆಸ್ಪತ್ರೆಗೆ ನಡೆದೇ ಹೋಗುತ್ತಾರೆ. ಅಲ್ಲಿಂದ ರಾತ್ರಿ ಪಾಳಿಗೆ ಆಟೋ ಬೇಕಾಗುತ್ತದೆ.