ನಂಜು ಅಂತಾರಲ್ಲ, ಅದು ನಿಜವಾ?

ಕಕ್ಕಡ ತಿಂಗಳ ಮಳೆ. ಒಲೆ ಮೇಲೆ ಕಣಿಲೆ, ಅಂದರೆ ಎಳೆ ಬಿದಿರು, ಬೇಯುತ್ತಿದೆ. ಮೈಮೇಲೆ ಇಸುಬು ಇರುವವರು ತಟ್ಟೆ ಹಿಡಿದು ಬಂದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಮೊದಲು ಕೇಳಿಸುವ ಮಾತು, ‘ನಿನಗೆ ಬೇಡ, ನಂಜಾಗುತ್ತೆ.’ ಹಂದಿ ಮಾಂಸಕ್ಕೂ ಒಣಮೀನಿಗೂ ಬದನೆಕಾಯಿಗೂ ಇದೇ ಮಾತು. ತಿಂದದ್ದು ಚರ್ಮದಲ್ಲಿ ಕಾಣಿಸುತ್ತೆ ಅನ್ನೋದು ಸುಮ್ನೆ ಹೇಳೋದಾ?

ಪೂರ್ತಿ ಸುಳ್ಳಲ್ಲ. ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂಬ ಕಾಯಿಲೆಯಲ್ಲಂತೂ ನೂರಕ್ಕೆ ನೂರು ನಿಜ. ಎರಡೂ ಮೊಣಕೈ, ಎರಡೂ ಮಂಡಿ, ಕೂರುವ ಭಾಗದ ಮೇಲೆ ಸಣ್ಣ ನೀರ್ಗುಳ್ಳೆಗಳು ಏಳುತ್ತವೆ. ತುರಿಕೆ ಎಷ್ಟೆಂದರೆ, ಡಾಕ್ಟರಿಗೆ ತೋರಿಸುವ ಹೊತ್ತಿಗೆ ಗುಳ್ಳೆಯೇ ಉಳಿದಿರುವುದಿಲ್ಲ, ಕೆರೆದ ಗಾಯ ಮಾತ್ರ. ಕಜ್ಜಿ ಅಂದುಕೊಳ್ಳುವುದು ಬಲು ಸುಲಭ. ಅಮೆರಿಕದ ಲೂಯಿ ಡೂರಿಂಗ್ ಇದನ್ನು ವಿವರಿಸಿದ್ದು 1884ರಲ್ಲಿ. ಇಂಥವರ ಸಣ್ಣಕರುಳೂ ಕೆಟ್ಟಿರುತ್ತದೆ ಅಂತ ವರದಿಯಾದದ್ದು 1966ರಲ್ಲಿ! ಅಷ್ಟು ತಡವಾಗಲು ಕಾರಣವಿದೆ. ಹೆಚ್ಚಿನವರಿಗೆ ಹೊಟ್ಟೆನೋವು, ಭೇದಿ ಏನೂ ಇರುವುದಿಲ್ಲ.

ಗೋಧಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಕೆಲವರ ಕರುಳು ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ಆ ಗಲಾಟೆಯಲ್ಲಿ ಹುಟ್ಟಿದ ಐಜಿಎ ಎಂಬ ಪ್ರತಿಕಾಯಗಳು (ಹೊರಗಿನಿಂದ ಬಂದದ್ದರ ಮೇಲೆ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳು) ಚರ್ಮದ ಮೇಲ್ಪದರದ ಅಡಿಗೆ ಬಂದು ಕೂರುತ್ತವೆ. ಗುಳ್ಳೆ ಏಳುವುದು ಅಲ್ಲೇ. ಡ್ಯಾಪ್ಸೋನ್ ಮಾತ್ರೆ ಕೆಲವೇ ದಿನಗಳಲ್ಲಿ ತುರಿಕೆ ಇಳಿಸುತ್ತದೆ. ಆದರೆ ಬೇರು ಇರುವುದು ಕರುಳಲ್ಲಿ. ಗ್ಲುಟೆನ್ ಪೂರ್ತಿ ಬಿಡಬೇಕು, ಆಮೇಲೂ ಚರ್ಮ ತಿಳಿಯಾಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು.

ಕೊಡಗಿನವರಿಗೆ ಈ ಪಥ್ಯ ಅಷ್ಟು ಕಷ್ಟವಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ, ಎಲ್ಲವೂ ಅಕ್ಕಿಯದೇ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆ, ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿ ಕರಿಯಲ್ಲೂ (ಹಂದಿ ಮಾಂಸದ ಸಾರು) ಇಲ್ಲ. ಇಲ್ಲಿ ನಂಜು ಇರುವುದು ಚಪಾತಿಯಲ್ಲಿ, ಉಪ್ಪಿಟ್ಟಿನ ರವೆಯಲ್ಲಿ. ಇನ್ನೊಂದು ಜಾಗ ಯಾರಿಗೂ ಹೊಳೆಯುವುದಿಲ್ಲ: ಇಂಗಿನ ಡಬ್ಬಿ. ತಿರುಗಿಸಿ ಸಣ್ಣಕ್ಷರ ಓದಿ. ಎಷ್ಟೋ ಡಬ್ಬಿಗಳಲ್ಲಿ ಇಂಗಿನ ಜೊತೆ ಗೋಧಿ ಅಥವಾ ಮೈದಾ ಹಿಟ್ಟು ಇರುತ್ತದೆ.

ಆದರೆ ಈ ಕಾಯಿಲೆ ದಕ್ಷಿಣ ಭಾರತದಲ್ಲಿ ಅಪರೂಪ. ಎಲ್ಲ ಚರ್ಮರೋಗಕ್ಕೂ ಕರುಳೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇರುವವರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗ ಜಾಸ್ತಿ, ನಿಜ. ಉಸ್ಟೆಕಿನುಮ್ಯಾಬ್ ಎಂಬ ಔಷಧಿ ಎರಡಕ್ಕೂ ಕೆಲಸ ಮಾಡುತ್ತದೆ. ಆದರೆ ಸೋರಿಯಾಸಿಸ್‌ಗೆ ಚೆನ್ನಾಗಿ ಹಿಡಿಯುವ ಸೆಕುಕಿನುಮ್ಯಾಬ್ ಎಂಬ ಇನ್ನೊಂದು ಔಷಧಿ ಕ್ರೋನ್ಸ್ ರೋಗಿಗಳಿಗೆ ಉಪಯೋಗವಾಗಲಿಲ್ಲ, ಕೆಲವರಿಗೆ ಜಾಸ್ತಿಯೇ ಮಾಡಿತು. ನಂಟು ಇದೆ, ಆದರೆ ಸಿಕ್ಕು ಸಿಕ್ಕಾಗಿದೆ. ಇಸುಬಿಗೆ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳ) ಮಾತ್ರೆ ಕೊಟ್ಟ ಪ್ರಯೋಗಗಳನ್ನೆಲ್ಲ 2018ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ತಂಡ ಒಟ್ಟಿಗೆ ನೋಡಿದಾಗ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಮಳೆಗಾಲದಲ್ಲಿ ಒಣಗದ ಬಟ್ಟೆ ಹಾಕಿಕೊಂಡು ತೊಡೆಸಂದಿಯಲ್ಲಿ ಉಂಗುರದ ಹಾಗೆ ಹರಡುವ ತುರಿಕೆ ಬೇರೆಯೇ. ಅದು ಹುಳುಕಡ್ಡಿ, ಬೂಷ್ಟಿನ ಜಾತಿ. ಅದಕ್ಕೆ ಕಣಿಲೆ ಬಿಟ್ಟು ಪ್ರಯೋಜನವಿಲ್ಲ, ಸರಿಯಾದ ಮುಲಾಮು ಬೇಕು. ಇನ್ನು ಮೊಣಕೈ, ಮಂಡಿಯ ಗುಳ್ಳೆ ವರ್ಷಗಟ್ಟಲೆ ಬಿಡದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಚಪಾತಿ ಬಿಡಬೇಡಿ. ಮೊದಲೇ ಬಿಟ್ಟರೆ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೇ ಹೋಗಬಹುದು.