ಓರ್ಕ್ ಮರಿಗಳನ್ನು ಏನು ಮಾಡುವುದು?

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕಿ ಸಾಹಸಕಥೆ ನಡೆಸುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುವವರಲ್ಲಿ ಬಗೆಹರಿಯದ ಜಗಳವೊಂದಿದೆ. ಆಟಗಾರರ ಪಾತ್ರಗಳ ತಂಡ ಗುಹೆಗೆ ನುಗ್ಗಿ, ಓರ್ಕ್ ಎಂಬ ಮನುಷ್ಯಾಕಾರದ ಕಾಲ್ಪನಿಕ ಜೀವಿಗಳ ಯೋಧರನ್ನೆಲ್ಲ ಮುಗಿಸಿದೆ. ಒಳಕೋಣೆಯಲ್ಲಿ ಹೆಂಗಸರು, ಮಕ್ಕಳು ಮುದುಡಿ ಕೂತಿದ್ದಾರೆ. ಓರ್ಕ್ ಎಂದರೆ ದುಷ್ಟ ಎಂದು ನಿಯಮಪುಸ್ತಕದಲ್ಲಿದೆ. ಮುಂದೇನು? ದುಷ್ಟರೆಂದ ಮೇಲೆ ಯೋಚನೆ ಏಕೆ ಎನ್ನುವವರು ಒಂದು ಕಡೆ, ಮಕ್ಕಳೇನು ಪಾಪ ಮಾಡಿದ್ದವು ಎನ್ನುವವರು ಇನ್ನೊಂದು ಕಡೆ. ಇದು ಬರೀ ಆಟ, ದಾಳ ಹಾಕಿ ಎಂದು ರೇಗುವವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಇದಕ್ಕೆ ಜನಾಂಗದ ಪ್ರಶ್ನೆ, ಹಳೆಯ ಆಟದ ಮೇಲಿನ ಮೋಹ, ಹೊಸ ಆವೃತ್ತಿಗಳ ಮೇಲಿನ ಸಿಟ್ಟು ಎಲ್ಲ ಸೇರಿಕೊಂಡು, ಯಾರು ಯಾವುದಕ್ಕೆ ಉತ್ತರ ಕೊಡುತ್ತಿದ್ದಾರೆ ಎಂಬುದೇ ತಿಳಿಯದಂತಾಗಿದೆ.

ಶುರುವಿನಲ್ಲಿ ಒಳಿತು-ಕೆಡುಕಿನ ವಿಂಗಡಣೆ ಇರಲಿಲ್ಲ. 1971ರಲ್ಲಿ ಬಂದ ‘ಚೈನ್‌ಮೇಲ್’ ಎಂಬ ಪುಟ್ಟ ಯುದ್ಧದಾಟದ ನಿಯಮಗಳಲ್ಲಿ ಫ್ಯಾಂಟಸಿ ಜೀವಿಗಳನ್ನು ಲಾ (ಶಿಸ್ತು), ನ್ಯೂಟ್ರಲ್ (ತಟಸ್ಥ), ಕೇಯಾಸ್ (ಅರಾಜಕತೆ) ಎಂದು ಮೂರು ಪಟ್ಟಿ ಮಾಡಿದ್ದರು. ಯಾರು ಯಾರ ಸೈನ್ಯದಲ್ಲಿ ನಿಲ್ಲಬಹುದು ಎಂದು ಹೇಳುವುದಷ್ಟೇ ಅದರ ಕೆಲಸ. ಚದುರಂಗದ ಕಪ್ಪು ಕಾಯಿಗೆ ಪಾಪ-ಪುಣ್ಯ ಹೇಗಿಲ್ಲವೋ ಹಾಗೆ. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ರೋಲ್‌ಪ್ಲೇಯಿಂಗ್ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂದಾಗ ಆ ಪಟ್ಟಿಯೂ ಜೊತೆಗೆ ಬಂತು. ಅದರಲ್ಲಿ ಓರ್ಕ್ ನ್ಯೂಟ್ರಲ್ ಸಾಲಿನಲ್ಲೂ ಇದೆ, ಕೇಯಾಸ್ ಸಾಲಿನಲ್ಲೂ ಇದೆ. 1976ರಲ್ಲಿ ಗೈಗಾಕ್ಸ್ ಒಂದು ಲೇಖನ ಬರೆದು ಲಾ-ಕೇಯಾಸ್‌ಗೆ ಅಡ್ಡಲಾಗಿ ಒಳಿತು-ಕೆಡುಕಿನ ಗೆರೆ ಎಳೆದರು. 1978ರ ಹೊತ್ತಿಗೆ ಅದು ಒಂಬತ್ತು ಮನೆಗಳ ಚೌಕವಾಯಿತು. ನಡುವೆ 1977ರ ‘ಮಾನ್ಸ್ಟರ್ ಮ್ಯಾನ್ಯುಯಲ್’ ಪ್ರತಿ ಜೀವಿಗೂ ಒಂದೊಂದು ಚೀಟಿ ಅಂಟಿಸಿತು. ಓರ್ಕ್‌ಗೆ ಸಿಕ್ಕಿದ್ದು ‘ಲಾಫುಲ್ ಈವಿಲ್’ (ಶಿಸ್ತಿನ ದುಷ್ಟ). 2000ದ ಮೂರನೇ ಆವೃತ್ತಿಯಲ್ಲಿ ಅದೇ ಓರ್ಕ್ ‘ಕೇಯಾಟಿಕ್ ಈವಿಲ್’ (ಅರಾಜಕ ದುಷ್ಟ) ಆಗಿಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ವಾದಿಸುವವರು ಈ ಬದಲಾವಣೆಯ ಬಗ್ಗೆ ಮಾತಾಡುವುದು ಕಡಿಮೆ.

ಆದರೆ ಜಗಳದ ಗಂಟು ಚೀಟಿಯಲ್ಲಿಲ್ಲ, ಯಾವುದಕ್ಕೆ ಎಷ್ಟು ಅಂಕ ಎಂಬ ಲೆಕ್ಕದಲ್ಲಿದೆ. ಇದನ್ನು ನೋಡಲು 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಬೇಸಿಕ್ ನಿಯಮಪುಸ್ತಕ ಅನುಕೂಲ. ಒಂದನೇ ಲೆವೆಲ್ಲಿನ ಫೈಟರ್ (ಕಾದಾಳು ಪಾತ್ರ) ಎರಡನೆಯದಕ್ಕೆ ಏರಲು 2000 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಒಂದು ಓರ್ಕ್ ಕೊಂದರೆ ಸಿಗುವುದು 10, ಅದಕ್ಕಿಂತ ಚಿಕ್ಕ ಜೀವಿಯಾದ ಗಾಬ್ಲಿನ್‌ಗೆ 5, ಅದನ್ನೂ ತಂಡದವರೆಲ್ಲ ಹಂಚಿಕೊಳ್ಳಬೇಕು. ಅದೇ ಒಂದು ಚಿನ್ನದ ನಾಣ್ಯವನ್ನು ಹೊರಗೆ ತಂದರೆ 1 ಎಕ್ಸ್‌ಪಿ. ಸಾವಿರಾರು ನಾಣ್ಯದ ಪೆಟ್ಟಿಗೆಯನ್ನು ಸದ್ದಿಲ್ಲದೆ ಹೊತ್ತು ತಂದವರು, ಗುಹೆಯಿಡೀ ರಕ್ತ ಹರಿಸಿ ಬರಿಗೈಲಿ ಬಂದವರಿಗಿಂತ ಎಷ್ಟೋ ಮುಂದೆ. ಮ್ಯಾಜಿಕ್ ಯೂಸರ್‌ಗೆ, ಅಂದರೆ ಮಾಂತ್ರಿಕ ಪಾತ್ರಕ್ಕೆ, ಶುರುವಿನಲ್ಲಿ ಇರುವುದು ನಾಲ್ಕು ಮುಖದ ದಾಳದ ಒಂದೇ ಉರುಳಿನಷ್ಟು ಹಿಟ್ ಪಾಯಿಂಟ್ (ಜೀವಬಲ), ಸೊನ್ನೆಗಿಳಿದರೆ ಸಾವು. ಕತ್ತಿ ಎಳೆಯುವುದು ಎಂದರೆ ಕೈಲಾಗದ ಕಡೆಯ ಉಪಾಯ.

ಇದರ ಮೇಲೆ ಇನ್ನೆರಡು ದಾಳಗಳಿದ್ದವು. ನಾಲ್ವರ ತಂಡ ತಿರುವಿನಲ್ಲಿ ಆರು ಗಾಬ್ಲಿನ್‌ಗಳಿಗೆ ಎದುರಾಯಿತು ಎನ್ನಿ. ಅವು ಏನು ಮಾಡುತ್ತವೆ ಎಂಬುದನ್ನು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ತನ್ನ ಮನಸ್ಸಿಗೆ ಬಂದಂತೆ ನಿರ್ಧರಿಸುವುದಿಲ್ಲ, ಆರು ಮುಖದ ಎರಡು ದಾಳ ಹಾಕುತ್ತಾನೆ. 2 ಬಿದ್ದರೆ ತಕ್ಷಣ ದಾಳಿ, 12 ಬಿದ್ದರೆ ಸ್ನೇಹ. ಎರಡೂ 36ರಲ್ಲಿ ಒಂದೇ ಸಲ ಬೀಳುವಂಥವು. 3ರಿಂದ 5 ಹಗೆ, ದಾಳಿ ಮಾಡಬಹುದು. 9ರಿಂದ 11 ಮಾತುಕತೆಗೆ ತಯಾರು ಅಥವಾ ತಮ್ಮ ಪಾಡಿಗೆ ಹೋಗುತ್ತವೆ. ಹೆಚ್ಚಾಗಿ ಬೀಳುವುದು 6ರಿಂದ 8: ಏನು ಮಾಡಬೇಕೆಂದು ಅವಕ್ಕೇ ತೋಚುತ್ತಿಲ್ಲ. ತಂಡದಲ್ಲೊಬ್ಬ ಡ್ವಾರ್ಫ್ (ಕುಳ್ಳ ಜನಾಂಗದವ) ಇದ್ದರೆ ಅವನಿಗೆ ಗಾಬ್ಲಿನ್ ಭಾಷೆ ಬರುತ್ತದೆ, ಅದೂ ನಿಯಮದಲ್ಲೇ ಇದೆ. ಮಾತು ಮುರಿದು ಹೊಡೆದಾಟವಾಯಿತು, ಒಂದು ಗಾಬ್ಲಿನ್ ಬಿತ್ತು. ಈಗ ಮೊರೇಲ್ (ಎದೆಗಾರಿಕೆ) ಪರೀಕ್ಷೆ: ಮತ್ತೆ ಎರಡು ದಾಳ, 7ಕ್ಕಿಂತ ಹೆಚ್ಚು ಬಿದ್ದರೆ ಉಳಿದವು ಕಾಲಿಗೆ ಬುದ್ಧಿ ಹೇಳುತ್ತವೆ ಅಥವಾ ಶರಣಾಗುತ್ತವೆ. ಬದುಕುಳಿಯಬೇಕೆಂಬ ಆಸೆ ಗಾಬ್ಲಿನ್‌ಗೂ ಇದೆ ಎಂಬುದನ್ನು ಈ ಆಟ ಉಪದೇಶ ಮಾಡಿ ಹೇಳಲಿಲ್ಲ, ದಾಳಕ್ಕೆ ಒಪ್ಪಿಸಿತು. ಮೊರೇಲ್ ಐಚ್ಛಿಕ ನಿಯಮವಾಗಿತ್ತು ನಿಜ. ಅದನ್ನು ಬಿಟ್ಟು ಆಡಿದವರು ಏನನ್ನು ಬಿಟ್ಟರು ಎಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ.

ಓರ್ಕ್ ಮರಿಗಳೂ ಇದೇ ಕಾಲದವು. ಬೇಸಿಕ್ ಪೆಟ್ಟಿಗೆಯಲ್ಲಿ ಸಿಗುತ್ತಿದ್ದ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಎಂಬ ಗೈಗಾಕ್ಸ್ ಮಾಡ್ಯೂಲ್‌ನಲ್ಲಿ (ಸಿದ್ಧ ಸಾಹಸದ ಪುಸ್ತಕದಲ್ಲಿ) ಒಂದೇ ಕಣಿವೆಯ ಸುತ್ತ ಕೋಬೋಲ್ಡ್, ಗಾಬ್ಲಿನ್, ಓರ್ಕ್, ನೋಲ್ ಮುಂತಾದ ಜೀವಿಗಳ ಗುಹೆಗಳಿವೆ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಮರಿಗಳು ಎಂದು ಲೆಕ್ಕ ಕೊಟ್ಟಿದ್ದಾರೆ. ಗಾಬ್ಲಿನ್‌ಗಳು ಕಷ್ಟ ಬಂದಾಗ ಪಕ್ಕದ ಗುಹೆಯ ಓಗರ್ ಎಂಬ ದೈತ್ಯನಿಗೆ ಚಿನ್ನ ಕೊಟ್ಟು ಸಹಾಯಕ್ಕೆ ಕರೆಯುತ್ತವೆ. ಬುಡಕಟ್ಟುಗಳ ನಡುವಿನ ವೈರವನ್ನು ಆಟಗಾರರು ಬಳಸಿಕೊಳ್ಳಬಹುದು ಎಂಬ ಸೂಚನೆಯೂ ಇದೆ. ಮರಿಗಳನ್ನು ಏನು ಮಾಡಬೇಕೆಂದು ಮಾತ್ರ ಎಲ್ಲೂ ಇಲ್ಲ. ಒಬ್ಬರಿಗೆ ಇದು ಸಂಧಾನ, ಲಂಚ, ಕುತಂತ್ರಗಳ ಕಣಿವೆ. ಇನ್ನೊಬ್ಬರಿಗೆ ಬಾಗಿಲು ಒದ್ದು ಕೊಲ್ಲುತ್ತ ಹೋಗುವ ಸಾಲು ಕೋಣೆಗಳು. ಪುಸ್ತಕ ಒಂದೇ, ಆಡಿದ ಆಟ ಬೇರೆ ಬೇರೆ. 1980ರಲ್ಲೇ ಗ್ಲೆನ್ ಬ್ಲೇಕೋ ಎಂಬವರು ಒಂದು ಲೇಖನದಲ್ಲಿ ಆಟಗಾರರನ್ನು ಯುದ್ಧತಂತ್ರದವರು, ಶಕ್ತಿ ಹೆಚ್ಚಿಸಿಕೊಳ್ಳುವವರು, ಪಾತ್ರದೊಳಗೆ ಇಳಿಯುವವರು, ಕಥೆ ಕಟ್ಟುವವರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಅಷ್ಟರಲ್ಲಾಗಲೇ ಬೇರೆ ದಾರಿಗಳೂ ತೆರೆದಿದ್ದವು: 1976ರ ‘ಮಾನ್ಸ್ಟರ್ಸ್! ಮಾನ್ಸ್ಟರ್ಸ್!’ನಲ್ಲಿ ಆಟಗಾರರೇ ಮಾನ್ಸ್ಟರ್‌ಗಳು, 1978ರ ‘ರೂನ್‌ಕ್ವೆಸ್ಟ್’ನಲ್ಲಿ ಅಲೈನ್‌ಮೆಂಟ್ ಎಂಬ ಈ ಒಳಿತು-ಕೆಡುಕಿನ ಚೀಟಿಯೇ ಇಲ್ಲ.

ಆಮೇಲಿನ ಎರಡು ದಶಕ ಬೇಗ ಹೇಳಿ ಮುಗಿಸಬಹುದು. 1984ರ ‘ಡ್ರ್ಯಾಗನ್‌ಲ್ಯಾನ್ಸ್’ ಮಾಡ್ಯೂಲ್‌ಗಳು ನಿಧಿ ಹುಡುಕುವವರ ಜಾಗಕ್ಕೆ ಲೋಕ ಉಳಿಸುವವರನ್ನು ತಂದವು. ಈ ಆಟ ಸೈತಾನನ ಪೂಜೆ ಎಂದು ಅಮೆರಿಕದಲ್ಲಿ ಹುಯಿಲೆದ್ದ ಕಾಲವೂ ಅದೇ. 1989ರ ಎರಡನೇ ಆವೃತ್ತಿಯ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಿಂದ ಅಸಾಸಿನ್ (ಗುಪ್ತ ಕೊಲೆಗಾರ) ಮತ್ತು ಹಾಫ್-ಓರ್ಕ್ (ಅರ್ಧ ಓರ್ಕ್) ಪಾತ್ರಗಳು ಹೊರಬಿದ್ದವು, ಚಿನ್ನಕ್ಕೆ ಎಕ್ಸ್‌ಪಿ ಐಚ್ಛಿಕವಾಯಿತು. ಮೂರನೆಯದರಲ್ಲಿ ಎದುರಾಳಿಯನ್ನು ಸೋಲಿಸುವುದೇ ಎಕ್ಸ್‌ಪಿಯ ಮುಖ್ಯ ದಾರಿ. ಮೊರೇಲ್ ಹೋಯಿತು, ಮೊದಲ ಭೇಟಿಯ ದಾಳವೂ ಹೋಯಿತು. ಲೆಕ್ಕ ಕೊಲ್ಲು ಎನ್ನತೊಡಗಿದಾಗ, ಕೊಂದದ್ದು ಸರಿ ಎನ್ನಲು ‘ಈವಿಲ್’ ಚೀಟಿಯೊಂದೇ ಉಳಿಯಿತು. ಮೊದಲು ಅದರ ಮೇಲೆ ಇಷ್ಟು ಭಾರ ಬಿದ್ದಿರಲಿಲ್ಲ.

2006ರ ‘ಆಸ್ರಿಕ್’ ಎಂಬ ನಿಯಮಪುಸ್ತಕದಿಂದ ಹಳೆಯ ನಿಯಮಗಳಿಗೆ ಮರುಜೀವ ಬಂತು, ‘ಲ್ಯಾಬಿರಿಂತ್ ಲಾರ್ಡ್’, ‘ಸ್ವೋರ್ಡ್ಸ್ ಅಂಡ್ ವಿಜರ್ಡ್ರಿ’ ಹಿಂದೆಯೇ ಬಂದವು. ಹಳೆಯ ಆಟವನ್ನು ಮೆಚ್ಚುವ ಈ ಬಳಗ ಒಂದೇ ಸ್ವರದಲ್ಲಿ ಮಾತಾಡುವುದಿಲ್ಲ. ಹಳೆಯ ಆಟ ಎಂದರೆ ಚಿನ್ನ, ಎಚ್ಚರಿಕೆ, ಮಾತುಕತೆ ಎನ್ನುವವರಷ್ಟೇ ಜೋರಾಗಿ, ಹಳೆಯ ಆಟ ಎಂದರೆ ಓರ್ಕ್ ದುಷ್ಟ, ಅಷ್ಟೇ ಎನ್ನುವವರೂ ಇದ್ದಾರೆ. ಎರಡನೆಯವರು 1977ರ ಚೀಟಿಯನ್ನು ನೆನಪಿಟ್ಟಷ್ಟು 1981ರ ದಾಳವನ್ನು ನೆನಪಿಟ್ಟಂತೆ ಕಾಣುವುದಿಲ್ಲ. 2020ರಲ್ಲಿ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್, ಓರ್ಕ್ ಮತ್ತು ಡ್ರೌ ಎಂಬ ಕಪ್ಪು ಮೈಯ ಜೀವಿಗಳ ಚಿತ್ರಣ ನಿಜಲೋಕದ ಜನಾಂಗಗಳನ್ನು ಹೀಯಾಳಿಸಿದ ರೀತಿಯನ್ನು ನೆನಪಿಸುತ್ತದೆ ಎಂದು ಒಪ್ಪಿ, ಬದಲಿಸುವುದಾಗಿ ಹೇಳಿತು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಆಟಗಾರರು ಆರಿಸಬಹುದಾದ ಪಾತ್ರಗಳಲ್ಲಿ ಓರ್ಕ್ ಸೇರಿತು. 2025ರ ‘ಮಾನ್ಸ್ಟರ್ ಮ್ಯಾನ್ಯುಯಲ್’ನಲ್ಲಿ ಓರ್ಕ್‌ಗೆ ಪ್ರತ್ಯೇಕ ಅಂಕಿಅಂಶಗಳೇ ಇಲ್ಲ.

ಒಂದು ಕಡೆಯವರು ಇದನ್ನು ಗೆಲುವೆಂದರು, ಇನ್ನೊಂದು ಕಡೆಯವರು ಶರಣಾಗತಿಯೆಂದರು. ಅಷ್ಟರಲ್ಲಿ ಎಷ್ಟೋ ಮೇಜುಗಳಲ್ಲಿ ಎಕ್ಸ್‌ಪಿ ಲೆಕ್ಕವನ್ನೇ ಬಿಟ್ಟು, ಕಥೆಯ ಘಟ್ಟಕ್ಕೊಮ್ಮೆ ಲೆವೆಲ್ ಏರಿಸುವುದು ರೂಢಿಯಾಗಿದೆ. ಅಲ್ಲಿ ಕೊಲ್ಲುವುದರಿಂದ ಲಾಭವಿಲ್ಲ. ಹೊಡೆದಾಟವನ್ನು ತಂಡದ ಶಕ್ತಿಗೆ ತಕ್ಕಂತೆ ಅಳೆದು ಇಟ್ಟಿರುವುದರಿಂದ ಓಡುವುದಕ್ಕೂ ಕಾರಣವಿಲ್ಲ. ಎದುರಿಗಿರುವುದು ಓರ್ಕ್ ಆಗಲಿ, ಮನುಷ್ಯ ಡಕಾಯಿತನಾಗಲಿ, ಅವನನ್ನು ಮಾತಾಡಿಸುವ ಗರಜು ಯಾರಿಗೂ ಬೀಳುವುದಿಲ್ಲ.